ಹುಟ್ಟಿದ ಊರು, ತಾಲೂಕು, ಜಿಲ್ಲೆ

ಜೂನ್ ಒಂದನೇ ತಾರೀಖು ಬೆಳಗಾದರೆ ಸಾಕು, ನನ್ನ ಫೋನಿಗೆ ಪುರುಸೊತ್ತಿರುವುದಿಲ್ಲ. ಮೊದಲು ಬ್ಯಾಂಕಿನವರ ಹುಟ್ಟುಹಬ್ಬದ ಶುಭಾಶಯ, ಆಮೇಲೆ ವಿಮೆಯವರದು, ಆಮೇಲೆ ನಮ್ಮ ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪು. ಗುಂಪಿನಲ್ಲಿ ಅವತ್ತು ಯಾರು ಯಾರಿಗೆ ಶುಭ ಕೋರಬೇಕು ಅನ್ನುವುದೇ ತಿಳಿಯುವುದಿಲ್ಲ. ನಮ್ಮಲ್ಲಿ ಬಹಳ ಮಂದಿ ಹುಟ್ಟಿದ್ದು ಅವತ್ತೇ. ಕೂಡ್ಲಿಗಿಯವರು, ಕೊಟ್ಟೂರಿನವರು, ಹಡಗಲಿಯವರು, ಎಲ್ಲರೂ.

ಆ ತಾರೀಖು ಕೊಟ್ಟವರು ನಮ್ಮೂರ ಶಾಲೆಯ ಹೆಡ್ಮೇಷ್ಟ್ರು. ಅವ್ವ ನನ್ನನ್ನು ಶಾಲೆಗೆ ಹಾಕಲು ಕರೆದುಕೊಂಡು ಹೋದಾಗ ಅವರು ಕೇಳಿದರಂತೆ, ಹುಡುಗ ಹುಟ್ಟಿದ್ದು ಯಾವಾಗ ಎಂದು. ಅವ್ವ ಹೇಳಿದಳು, ಮೈಲಾರದ ಜಾತ್ರಿ ಮುಂದ. ಯಾವ ವರ್ಷದ ಜಾತ್ರೆ ಅಂದದ್ದಕ್ಕೆ, ಡ್ಯಾಮಿನ ನೀರು ಬಿಡೋದಕ್ಕಿಂತ ಹಿಂದಿನ ವರ್ಷದ್ದು ಅಂದಳು. ಅವರು ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟ 1953ರಿಂದ ಒಂದು ಕಳೆದರು, ಶಾಲೆ ತೆರೆಯುವ ತಿಂಗಳನ್ನು ಸೇರಿಸಿದರು, ದಾಖಲಾತಿ ಪುಸ್ತಕದಲ್ಲಿ 1-6-1952 ಎಂದು ದುಂಡಗೆ ಬರೆದರು. ಆ ಒಂದು ಸಾಲಿನ ಮೇಲೆ ನನ್ನ ಎಸ್ಸೆಸ್ಸೆಲ್ಸಿ ನಿಂತಿತು, ನೌಕರಿ ನಿಂತಿತು, ಸಂಬಳ ನಿಂತಿತು, ಈಗ ಪಿಂಚಣಿ ನಿಂತಿದೆ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕಡೆಯ ದಿನವೇ ನಿವೃತ್ತರಾಗಬೇಕು. ಹಾಗಾಗಿ 2012ರ ಮೇ 31ರ ಸಂಜೆ ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಒಟ್ಟೊಟ್ಟಿಗೆ ಬೀಳ್ಕೊಡುಗೆ. ನನ್ನ ಕೊರಳಿಗೆ ಬಿದ್ದದ್ದು ಹಡಗಲಿ ಮಲ್ಲಿಗೆಯ ಹಾರ. ಹೆಡ್ಮೇಷ್ಟ್ರ ಲೆಕ್ಕದ ಮೇಲೆ ನನಗೆ ಎಂದೂ ಬೇಸರ ಬಂದದ್ದಿಲ್ಲ. ಕಾಲ ಗೊತ್ತಿಲ್ಲದ ಒಂದು ಕೂಸನ್ನು ಅವರು ಕಾಲದೊಳಗೆ ಕೂರಿಸಿದರು.

ತೊಡಕಾದದ್ದು ಮಗಳಿಂದ. ಅವಳು ಟೆಕ್ಸಾಸಿನಲ್ಲಿದ್ದಾಳೆ, ಅಲ್ಲಿಯ ಪೌರತ್ವ ಸಿಕ್ಕಿದೆ. ಅವಳವ್ವ ಒಂದು ಬೆಳಗಿನ ಜಾವ ಬಚ್ಚಲಲ್ಲಿ ಜಾರಿಬಿದ್ದು, ಎಬ್ಬಿಸಲು ನನ್ನೊಬ್ಬನಿಂದ ಆಗದೆ, ಪಕ್ಕದ ಮನೆಯವರು ಎದ್ದು ಬರುವವರೆಗೆ ನಾವಿಬ್ಬರೂ ತಣ್ಣನೆಯ ಕಲ್ಲಿನ ಮೇಲೆ ಕೂತಿದ್ದೆವು. ಆ ಸುದ್ದಿಯನ್ನು ಅವಳಿಗೆ ತಿಳಿಸಬಾರದಿತ್ತು, ತಿಳಿಸಿದೆ. “ಅಪ್ಪಾಜಿ, ಇನ್ನ ಮ್ಯಾಲೆ ನೀವಿಬ್ರೂ ಇಲ್ಲೇ ಬಂದು ಇದ್ದುಬಿಡ್ರಿ,” ಅಂದಳು. ಇಪ್ಪತ್ತೊಂದು ದಾಟಿದ ಅಮೆರಿಕದ ಪ್ರಜೆ ತನ್ನ ತಂದೆ ತಾಯಿಗಾಗಿ ಅರ್ಜಿ ಹಾಕಬಹುದು. ಅಣ್ಣತಮ್ಮಂದಿರಿಗೆ ಇರುವಂಥ ಹತ್ತಾರು ವರ್ಷಗಳ ಸರದಿ ಹೆತ್ತವರಿಗಿಲ್ಲ. ತಂದೆಗೊಂದು, ತಾಯಿಗೊಂದು, ಬೇರೆಬೇರೆ ಅರ್ಜಿ. ನಾನು ಒಪ್ಪಿದೆನೋ ಇಲ್ಲವೋ ನನಗೇ ಸ್ಪಷ್ಟವಿರಲಿಲ್ಲ. ಅಷ್ಟರಲ್ಲಿ ಅವಳು ಅರ್ಜಿ ತುಂಬುತ್ತ ಒಂದು ರಾತ್ರಿ ಫೋನು ಮಾಡಿದಳು.

“ಹುಟ್ಟಿದ ಊರು ಬರದೆ. ರಾಜ್ಯ ಕರ್ನಾಟಕ ಅಂತ ಹಾಕ್ಲಾ ಅಪ್ಪಾಜಿ?”

“ಮದ್ರಾಸ್,” ಅಂದೆ. ಬಾಯಿಂದ ತಾನಾಗಿ ಬಂತು.

ನಮ್ಮ ಊರು ಹರಪನಹಳ್ಳಿ ತಾಲೂಕಿನದು. ನಾನು ಹುಟ್ಟಿದಾಗ ಅದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ ಒಂದರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದ ತಾಲೂಕುಗಳು ಮೈಸೂರಿಗೆ ಬಂದವು. ನಾನಾಗ ಇಪ್ಪತ್ತು ತಿಂಗಳ ಕೂಸು, ಅವ್ವನ ಸೊಂಟದ ಮೇಲೆ ಕೂತು ರಾಜ್ಯ ದಾಟಿದೆ. 1973ರ ನವೆಂಬರ್ ಒಂದರಂದು ಮೈಸೂರು ಕರ್ನಾಟಕವಾಯಿತು. 1997ರಲ್ಲಿ ಹರಪನಹಳ್ಳಿಯನ್ನು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಹಿಂದುಳಿದ ಜಿಲ್ಲೆಗಳಿಗೆಂದು ಸಂವಿಧಾನದ 371ಜೆ ವಿಧಿ ಕೊಟ್ಟ ಸವಲತ್ತು ತಪ್ಪಿಹೋಯಿತೆಂದು ನಮ್ಮ ಜನ ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಬಳ್ಳಾರಿಗೆ ವಾಪಸು ತಂದರು. ಬಂದು ಬೇರು ಬಿಡುವಷ್ಟರಲ್ಲಿ, 2021ರಲ್ಲಿ, ವಿಜಯನಗರ ಜಿಲ್ಲೆ. ನಮ್ಮ ಮನೆಯ ಹೊಸ್ತಿಲು ಮಾತ್ರ ಅಜ್ಜ ಕೂರಿಸಿದ ಜಾಗದಿಂದ ಒಂದು ಬೆರಳೂ ಸರಿದಿಲ್ಲ. ಇದನ್ನೆಲ್ಲ ಮಗಳಿಗೆ ಹೇಳುತ್ತ ಹೋದೆ. ಅತ್ತ ಅವಳಿಗೆ ಆಫೀಸಿನ ಹೊತ್ತು, ಆದರೂ ಪೂರ್ತಿ ಕೇಳಿದಳು. “ಅವ್ವಂದೂ ಹಂಗೇ ಏನು?” ಅಂದಳು. ಅವಳವ್ವ ಕೊಟ್ಟೂರಿನವಳು. ಕೊಟ್ಟೂರು ಆಗ ಕೂಡ್ಲಿಗಿ ತಾಲೂಕಿನ ಊರು, ಈಚೆಗೆ ತಾನೇ ತಾಲೂಕಾಗಿದೆ.

ಊರಿನ ಹೆಸರನ್ನಾದರೂ ಬರೆಯಲು ಆಗುತ್ತದಲ್ಲ ಎಂದು ಫೋನಿಟ್ಟ ಮೇಲೆ ಅನ್ನಿಸಿತು. ನಾನು ಪಾಠ ಹೇಳಿದ ಮೊದಲ ಶಾಲೆ ಇದ್ದದ್ದು ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರಿನ ಒಂದು ಊರಲ್ಲಿ. ಅಲ್ಲಿ ಮಕ್ಕಳನ್ನು ದಾಖಲು ಮಾಡಿಕೊಳ್ಳುವಾಗ ಅಜ್ಜಂದಿರು ಕೂತು ತಮ್ಮ ಮೂಲದ ಊರಿನ ಮಾತು ತೆಗೆಯುತ್ತಿದ್ದರು. ಮುಳುಗಡೆಯಾದ ಊರುಗಳು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಗೆ ಎದ್ದು ಬಂದವರು, ಹಾಗೇ ಇನ್ನೂ ಎಷ್ಟೋ ಊರಿನವರು. ಒಬ್ಬ ಅಜ್ಜ ಬೇಸಿಗೆಯಲ್ಲಿ ನೀರು ಇಳಿದಾಗ ಕೆಸರಲ್ಲಿ ನಡೆದುಹೋಗಿ, ಇಲ್ಲಿ ನಮ್ಮ ಒಲಿ ಇತ್ತು, ಇಲ್ಲಿ ನಮ್ಮೆತ್ತಿನ ಗ್ವಾದಲಿ ಇತ್ತು ಎಂದು ಬೆರಳು ಮಾಡಿ ತೋರಿಸುತ್ತಿದ್ದ. ನನಗಾಗ ಇಪ್ಪತ್ತೆರಡು ವರ್ಷ. ಅವನು ತೋರಿಸಿದ ಕಡೆ ನನಗೆ ಕಂಡದ್ದು ಬರೀ ಒಣಗಿದ ಕೆಸರು. ನೋಡಿದೆ ಅಜ್ಜ ಎಂದು ಅಂದಿದ್ದೆ. ಈಗ ನೆನೆದರೆ ನಿಜವಾಗಿ ನೋಡಬೇಕಿತ್ತು ಅನ್ನಿಸುತ್ತದೆ.

ಕಾಗದಪತ್ರಗಳ ಓಡಾಟ ಮದುವೆಯಿಂದ ಶುರುವಾಯಿತು. ತಂದೆಗಾಗಿ ಅರ್ಜಿ ಹಾಕಬೇಕಾದರೆ ತಂದೆತಾಯಿಯ ಮದುವೆಯ ಪ್ರಮಾಣಪತ್ರ ಬೇಕು. ನಮ್ಮ ಮದುವೆ 1978ರಲ್ಲಿ ಕೊಟ್ಟೂರಲ್ಲಿ ಆಯಿತು, ಕೊಟ್ಟೂರು ಬಸವೇಶ್ವರನ ಸನ್ನಿಧಿಯಲ್ಲಿ. ಅವನ ಎದುರು ಆದದ್ದನ್ನು ಇನ್ನೊಂದು ಕಡೆ ಬರೆಸಬೇಕೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಈಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಲಗ್ನಪತ್ರಿಕೆ, ಫೋಟೋ, ಮದುವೆ ನೋಡಿದ ಮೂವರು ಸಾಕ್ಷಿಗಳು ಬೇಕು ಅಂದರು. ಲಗ್ನಪತ್ರಿಕೆ ನನ್ನ ತಂಗಿಯ ಟ್ರಂಕಿನ ತಳದಲ್ಲಿ ಸಿಕ್ಕಿತು. ನಾಲ್ಕು ಮೂಲೆಯ ಅರಿಶಿಣ ಇನ್ನೂ ಮಾಸಿರಲಿಲ್ಲ. ಸಾಕ್ಷಿಗಳನ್ನು ಹುಡುಕಿಕೊಂಡು ಹೋದರೆ ಒಂದು ಮನೆಯಲ್ಲಿ ಗೋಡೆಯ ಮೇಲಿನ ಫೋಟೋಕ್ಕೆ ಹಾರ, ಇನ್ನೊಂದು ಮನೆಯಲ್ಲಿ ನೆನಪು ತಪ್ಪಿದ ಹಿರಿಯರು. “ಅವತ್ತು ಊರಿಗೆ ಊರೇ ಬಂದಿತ್ತು. ಇವತ್ತು ಮೂರು ಮಂದಿ ಸಿಗವಲ್ರು,” ಅಂದಳು ನನ್ನ ಹೆಂಡತಿ. ಕೊಟ್ಟೂರಿನ ಬೀದಿಯಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತ ಕೂತಾಗ ಅಂದ ಮಾತು ಅದು. ಖಾರಕ್ಕೆ ಅವಳ ಕಣ್ಣು ಒದ್ದೆಯಾಗಿದ್ದವು ಎಂದುಕೊಂಡೆ.

ಮೂವರು ಸಿಕ್ಕರು. ಮೂರನೆಯವನು ಮದುವೆಯಲ್ಲಿ ಹತ್ತು ವರ್ಷದ ಹುಡುಗನಾಗಿದ್ದ ಅವಳ ತಮ್ಮ. ಕಚೇರಿಯಲ್ಲಿ ಬೆರಳಚ್ಚು ತೆಗೆಯುವ ಯಂತ್ರ ನನ್ನ ಹೆಂಡತಿಯ ಹೆಬ್ಬೆರಳನ್ನು ಒಪ್ಪಲಿಲ್ಲ. ಸೆರಗಿನಿಂದ ಒರೆಸಿ ಇಟ್ಟಳು, ಒಪ್ಪಲಿಲ್ಲ. ಬೇರೆ ಬೆರಳು ಇಟ್ಟಳು. ಅಲ್ಲಿದ್ದ ಹುಡುಗಿ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, “ರೊಟ್ಟಿ ಬಡಿದು ಬಡಿದು ಗೆರಿ ಸವದಾವಮ್ಮ, ನಮ್ಮವ್ವಂದೂ ಹಿಂಗೇ,” ಅಂದಳು. ಐದನೆಯ ಬೆರಳಿಗೆ ಹಸಿರು ದೀಪ ಹತ್ತಿತು. ನಲವತ್ತೈದು ವರ್ಷ ಆ ಕೈಯ ಊಟ ಉಂಡಿದ್ದೇನೆ. ಅದರಲ್ಲಿ ಗೆರೆ ಉಳಿದಿಲ್ಲ ಎಂದು ನನಗೆ ಗೊತ್ತಾದದ್ದು ಅವತ್ತು.

ಹೆಸರುಗಳದು ಇನ್ನೊಂದು ಕಥೆ. ನಮ್ಮ ಸೀಮೆಯಲ್ಲಿ ಕಲ್ಲೆಸೆದರೆ ಕೊಟ್ಟೂರು ಸ್ವಾಮಿಯ ಹೆಸರಿನವರಿಗೇ ಬೀಳುತ್ತದೆ. ಕೊಟ್ರೇಶ, ಕೊಟ್ರಪ್ಪ, ಕೊಟ್ರಬಸಪ್ಪ, ಕೊಟ್ರಮ್ಮ. ನನ್ನದೂ ಅವನ ಹೆಸರೇ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ರೂಪ, ಸೇವಾ ಪುಸ್ತಕದಲ್ಲಿ ಇನ್ನೊಂದು, ಪಹಣಿಯಲ್ಲಿ ಮತ್ತೊಂದು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ಬರೆದವರು ಕರೆಯುವ ಹೆಸರನ್ನೇ ಬರೆದಿದ್ದರು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಖಾನೆಗೆ ಅಪ್ಪನ ಹೆಸರು ಹೋಗಿ ಕೂತು, ಅಮೆರಿಕದ ಕಡೆಯಿಂದ ಬಂದ ಕಾಗದಗಳೆಲ್ಲ ಅಪ್ಪನ ಹೆಸರಿಂದಲೇ ನನ್ನನ್ನು ಕರೆಯುತ್ತವೆ. ಅದು ನನಗೆ ಇಷ್ಟವಾಯಿತು. ಅಪ್ಪ ಬಳ್ಳಾರಿಯಿಂದ ಆಚೆ ಹೋದವರಲ್ಲ. ಈ ಎಲ್ಲ ಹೆಸರುಗಳ ಮನುಷ್ಯ ಒಬ್ಬನೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಬರೆದುಕೊಟ್ಟೆ. ಕೂಡ್ಲಿಗಿಯಲ್ಲಿ ಛಾಪಾಕಾಗದಕ್ಕಾಗಿ ಕಾಯುತ್ತ, ಗಾಂಧೀಜಿಯ ಚಿತಾಭಸ್ಮ ಇಟ್ಟಿರುವ ಸ್ಮಾರಕದ ನೆರಳಲ್ಲಿ ಕೂತುಕೊಂಡು ಆ ಕರಡನ್ನು ಮೂರು ಸಲ ಓದಿದೆ. ತಪ್ಪಿರಲಿಲ್ಲ.

ಇಷ್ಟರ ನಡುವೆ ಮಗಳೇ ಒಂದು ಕಾಗದಕ್ಕೆ ಸಹಿ ಹಾಕಿ ಅದರ ಪ್ರತಿಯನ್ನು ನನಗೆ ಕಳಿಸಿದಳು. ಹೆತ್ತವರ ಖರ್ಚುವೆಚ್ಚ ತನ್ನ ಹೊಣೆ, ಅವರ ಭಾರ ಸರ್ಕಾರದ ಮೇಲೆ ಬೀಳದಂತೆ ನೋಡಿಕೊಳ್ಳುತ್ತೇನೆ ಎಂದು ಅಲ್ಲಿಯ ಸರ್ಕಾರಕ್ಕೆ ಬರೆದುಕೊಡುವ ಮುಚ್ಚಳಿಕೆ. ಅದಕ್ಕೆ ಅವಳ ಸಂಬಳದ ಚೀಟಿ, ತೆರಿಗೆಯ ಲೆಕ್ಕ ಲಗತ್ತಿಸಬೇಕು. ಅವಳು ಇಂಜಿನಿಯರಿಂಗ್ ಸೇರುವಾಗ ಬ್ಯಾಂಕಿನ ಸಾಲಕ್ಕೆ ನಾನು ಜಾಮೀನು ನಿಂತಿದ್ದೆ. ಹತ್ತು ಕಡೆ ಸಹಿ ಹಾಕಿಸಿಕೊಂಡಿದ್ದರು. ಹೊರಗೆ ಬಂದಾಗ ಅವಳು, ಅಪ್ಪಾಜಿ ನಾನು ಫೇಲಾದ್ರ ಏನ್ ಮಾಡ್ತೀರಿ ಅಂದಿದ್ದಳು. ಈಗ ಅವಳು ನನಗೆ ಜಾಮೀನು. ಅವಳ ಸಹಿಯ ಕೆಳಗೆ ನನ್ನ ಹೆಸರು ನೋಡುತ್ತ ಬಹಳ ಹೊತ್ತು ಕೂತಿದ್ದೆ. ಹೆಂಡತಿ ಬಂದು ಏನದು ಅಂದಳು. ಓದಿ ಹೇಳಿದೆ. “ಇದನ್ನ ಬರಸ್ಕಬೇಕಾ?” ಅಂದಳು. ಆ ಹುಡುಗಿ ಬರೆಯದೆಯೂ ಮಾಡುವವಳು ಎಂಬುದು ಅವಳ ಮಾತಿನ ಅರ್ಥ. ಅದು ನನಗೂ ಗೊತ್ತು. ಆದರೂ ಬರೆದದ್ದನ್ನು ಕಂಡು ನನ್ನ ಎದೆ ತುಂಬಿತ್ತು. ಅವಳಿಗೆ ಅದನ್ನು ಹೇಳಲು ಮಾತು ಸಿಗಲಿಲ್ಲ.

ಕಡೆಗೆ ಉಳಿದದ್ದು ನನ್ನ ಜನನ. ಜನನ ಮರಣ ನೋಂದಣಿ ಕಾಯ್ದೆ 1969ರದು, ಅದು ಜಾರಿಗೆ ಬಂದದ್ದು 1970ರ ಏಪ್ರಿಲ್ ಒಂದರಿಂದ. ಅದಕ್ಕೂ ಹಿಂದೆ ಹುಟ್ಟಿದ ನಮ್ಮಂಥವರ ಬಳಿ ಪ್ರಮಾಣಪತ್ರ ಇರಲಿಕ್ಕಿಲ್ಲ ಎಂಬುದನ್ನು ಅಮೆರಿಕದವರೂ ಬಲ್ಲರು. ಇಂಥ ಜನನ ನಮ್ಮ ಪುಸ್ತಕದಲ್ಲಿ ನಮೂದಾಗಿಲ್ಲ ಎಂದು ಇಲ್ಲಿಯ ಅಧಿಕಾರಿಗಳಿಂದ ಬರೆಸಿಕೊಂಡು, ಜೊತೆಗೆ ಜನನವನ್ನು ಬಲ್ಲ ಹಿರಿಯರ ಅಫಿಡವಿಟ್ ಕೊಟ್ಟರೆ ನೋಡುತ್ತಾರೆ. ನಮೂದಿಲ್ಲ ಎಂದು ಬರೆದುಕೊಡಲು ಹಳೆಯ ಪುಸ್ತಕಗಳನ್ನು ತೆಗೆದು ನೋಡಬೇಕು. ಅದಕ್ಕೆ ಒಂದು ಕಚೇರಿಗೆ ಏಳು ಸಲ ಹೋದೆ. ಏಳನೆಯ ಸಲ ನೋಡಿದರು. ಮದ್ರಾಸಿನ ಕಾಲದ, ಕರಣಂ ಬರೆದ ಪುಸ್ತಕ, ಮುಟ್ಟಿದರೆ ಅಂಚು ಉದುರುತ್ತಿತ್ತು. ನಮ್ಮೂರ ಪುಟದಲ್ಲಿ ಆ ವರ್ಷ ಹುಟ್ಟಿದ ಕೆಲವು ಮಕ್ಕಳಿದ್ದರು. ಅದರಲ್ಲಿ ಇಬ್ಬರ ಮುಂದೆ, ಅದೇ ತಿಂಗಳಲ್ಲಿ, ಮರಣ ಎಂದು ಷರಾ ಇತ್ತು. ಆ ಹೆಸರುಗಳನ್ನು ನಾನು ಊರಲ್ಲಿ ಎಂದೂ ಕೇಳಿರಲಿಲ್ಲ. ನನ್ನ ಜೊತೆ ಶಾಲೆಗೆ ಬರಬೇಕಾಗಿದ್ದವರು.

ಜನನವನ್ನು ಬಲ್ಲವರು ಅಂದರೆ ನನಗಿಂತ ಹಿರಿಯರು, ಆಗ ಅಲ್ಲಿದ್ದವರು. ಈಗ ಹಾಗೆ ಉಳಿದವಳು ಹಡಗಲಿಯ ಚಿಗವ್ವ ಒಬ್ಬಳೇ. ಅವ್ವನ ತಂಗಿ. ನಾನು ಹುಟ್ಟಿದಾಗ ಅವಳಿಗೆ ಹದಿನೈದು, ಅಕ್ಕನ ಬಾಣಂತನಕ್ಕೆ ಬಂದಿದ್ದಳು. ಈಗಲೂ ಬೆಳಿಗ್ಗೆ ಮಲ್ಲಿಗೆ ಕಟ್ಟುತ್ತಾಳೆ. ಹಡಗಲಿ ಅಂದರೆ ವಿಜಯನಗರದ ಅರಸರ ಕಾಲದಲ್ಲಿ ಹಂಪಿಯ ಪೂಜೆಗೆ ಹೂವು ಹೋಗುತ್ತಿದ್ದ ಊರು ಎನ್ನುತ್ತಾರೆ. ಅವಳ ಹೆಬ್ಬೆರಳಿನಲ್ಲಿ ದಾರ ಎಳೆದೆಳೆದು ಬಿದ್ದ ಒಂದು ಅಡ್ಡಗೆರೆ ಇದೆ. ನೋಟರಿಯವರು ಓದಿ ಹೇಳಿದರು, “ಇವರು 1952ನೇ ಇಸವಿ ಜೂನ್ ಒಂದರಂದು ಜನಿಸಿದ್ದು ನನಗೆ ಖುದ್ದಾಗಿ ಗೊತ್ತು.”

“ಜೂನ್ ಅಂದ್ರ ಯಾವಾಗ ಬರತೈತಿ?” ಅಂದಳು ಚಿಗವ್ವ.

“ಕಾರಹುಣ್ಣಿವಿ ಹೊತ್ತಿಗೆ ಅಜ್ಜಿ.”

“ಕಾರಹುಣ್ಣಿವಿಗೆ ಇವನು ಬೋರಲು ಬೀಳತಿದ್ದ,” ಅಂದಳು. “ಭಾರತ ಹುಣ್ಣಿವಿಗೆ ಹುಟ್ಟ್ಯಾನ. ಮೈಲಾರದಿಂದ ಬಂಡಿ ಹೊಳ್ಳಿ ಬರ್ತಿದ್ವು. ಗೊರವಪ್ಪ ಬಿಲ್ಲು ಏರಿ ಕಾರಣಿಕ ಏನು ನುಡಿದ ಅಂತ ಮಂದಿ ಮಾತಾಡ್ತಾ ಹೋಗ್ತಿದ್ರು. ಒಳಗ ಅಕ್ಕನ ಕೈ ಹಿಡಕಂಡು ಕುಂತಿದ್ದೆ ನಾನು. ನಾ ಸುಳ್ಳಿಗೆ ಹೆಬ್ಬಟ್ಟು ಹಾಕಂಗಿಲ್ಲ.”

ಗೊರವಯ್ಯ “ಸದ್ದಲೇ” ಅಂದಾಗ ಲಕ್ಷ ಜನ ಒಮ್ಮೆಲೇ ಮೌನವಾಗುವುದನ್ನು ನಾನು ಮೈಲಾರದಲ್ಲಿ ಕಂಡಿದ್ದೇನೆ. ನೋಟರಿಯವರ ಕೋಣೆ ಹಾಗಾಯಿತು. ಎಪ್ಪತ್ತು ವರ್ಷ ಅವ್ವನ ಮಾತೊಂದು ಕಡೆ, ಹೆಡ್ಮೇಷ್ಟ್ರ ಲೆಕ್ಕ ಒಂದು ಕಡೆ ಸುಮ್ಮನೆ ಇದ್ದವು. ಈಗ ಎರಡೂ ಒಂದೇ ಮೇಜಿನ ಮೇಲೆ ಕೂತಿದ್ದವು. ಚಿಗವ್ವನನ್ನು ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ. ನನ್ನ ಹುಟ್ಟನ್ನು ಕಣ್ಣಾರೆ ಕಂಡ ಕಡೆಯ ಮನುಷ್ಯಳು ಅವಳು. ಅವಳ ಬಾಯಲ್ಲಿ ಬೇರೆ ದಿನ ಹೇಳಿಸಿ ಯಾವ ದೇಶಕ್ಕೆ ಹೋಗಲಿ?

ನೋಟರಿಯವರು ವಯಸ್ಸಿನಲ್ಲಿ ಚಿಕ್ಕವರು. ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು ಹೊಸದಾಗಿ ಬರೆಸಿದರು. ಇಂಥವರ ಹೊಟ್ಟೆಯಲ್ಲಿ, ಇಂಥ ಊರಲ್ಲಿ, 1952ರಲ್ಲಿ ಈ ಮಗು ಹುಟ್ಟಿದಾಗ ನಾನು ಮನೆಯಲ್ಲಿದ್ದೆ. ಭಾರತ ಹುಣ್ಣಿಮೆಯ ಜಾತ್ರೆಯ ದಿನಗಳು. ಶಾಲೆಯ ದಾಖಲೆಯಲ್ಲಿ 1-6-1952 ಎಂದು ನಮೂದಾಗಿದೆ ಎಂಬುದು ತಿಳಿದುಬಂದಿದೆ. ಎರಡೂ ನಿಜ, ಎರಡೂ ಒಂದೇ ಹಾಳೆಯಲ್ಲಿ. ಓದಿ ಕೇಳಿಸಿದ ಮೇಲೆ ಚಿಗವ್ವ ಹೆಬ್ಬೆರಳು ಒತ್ತಿದಳು. ನೀಲಿ ಶಾಯಿಯಲ್ಲಿ ಹೂವಿನ ದಾರದ ಅಡ್ಡಗೆರೆ ಬಿಳಿಯಾಗಿ ಮೂಡಿತು. ಈ ಹಾಳೆ ತೊಡಕು ತರಬಹುದು ಎಂದು ಅಳಿಯ ಅಂಜಿದ. ಮುಂಬಯಿಯ ಸಂದರ್ಶನದಲ್ಲಿ ಕಿಟಕಿಯ ಆಚೆ ಕೂತ ಹೆಣ್ಣುಮಗಳು ಅದನ್ನು ಎರಡು ಸಲ ಓದಿ, ಹುಟ್ಟಿದಾಗ ಇವರು ಅಲ್ಲಿದ್ದರಾ, ಈಗಲೂ ಇದ್ದಾರಾ ಎಂದಷ್ಟೇ ಕೇಳಿದಳು. ಇದ್ದಾರೆ ಅಂದೆ.

ಹೊರಡುವ ಮುಂಚಿನ ನವೆಂಬರಿನಲ್ಲಿ ಪಿಂಚಣಿಯ ಜೀವಂತ ಪ್ರಮಾಣಪತ್ರಕ್ಕೆ ನಾನಾಗಿ ಹೋದೆ. ಈಗ ಅದಕ್ಕೆ ಹೋಗಲೇಬೇಕೆಂದಿಲ್ಲ. 2014ರಲ್ಲಿ ಬಂದ ಜೀವನ್ ಪ್ರಮಾಣ್‌ನಲ್ಲಿ ಬೆರಳು ಒತ್ತಿದರಾಯಿತು. ಈಚೆಗೆ ಫೋನಿಗೆ ಮುಖ ತೋರಿಸಿದರೂ ನಡೆಯುತ್ತದೆ. ಹೊರದೇಶದಲ್ಲಿದ್ದರೆ ನಮ್ಮ ರಾಯಭಾರ ಕಚೇರಿಯವರ ಸಹಿಯೂ ಸಲ್ಲುತ್ತದೆ, ಟೆಕ್ಸಾಸಿನವರಿಗೆ ಹೂಸ್ಟನ್ನಿನಲ್ಲಿ ಕಾನ್ಸುಲೇಟ್ ಇದೆ. ಆದರೂ ಬೇವಿನ ಮರದ ಕೆಳಗಿನ ಆ ಕಲ್ಲುಬೆಂಚಿನಲ್ಲಿ ವರ್ಷಕ್ಕೊಮ್ಮೆ ಸೇರುವ ಮೇಷ್ಟ್ರುಗಳಿದ್ದೇವೆ. ಯಾರು ಇದ್ದಾರೆ ಎಂದು ಕಚೇರಿಗೆ ತಿಳಿಯುವ ಮೊದಲು ನಮಗೆ ತಿಳಿಯುತ್ತದೆ. ಆ ಸಲ ಇಬ್ಬರು ಬಂದಿರಲಿಲ್ಲ. ಮುಂದಿನ ನವೆಂಬರಿಗೆ ನಾನು ಬರದಿದ್ದರೆ ಗಾಬರಿಯಾಗಬೇಡಿರಪ್ಪ, ಅಮೆರಿಕದಲ್ಲಿರ್ತೀನಿ ಅಂದೆ. ಒಬ್ಬರು ಎದ್ದು ಬಂದು ನನ್ನ ಅಂಗಿಯ ಕಾಲರು ಸರಿಮಾಡಿ ಕೂತರು. ಮಾತಾಡಲಿಲ್ಲ.

ಕಡೆಯದಾಗಿ ಹಡಗಲಿಗೆ ಹೋಗಿ ಚಿಗವ್ವನ ಕಾಲಿಗೆ ಬಿದ್ದೆವು. ವರ್ಷಕ್ಕಿಂತ ಹೆಚ್ಚು ಆ ದೇಶದಿಂದ ಹೊರಗಿದ್ದರೆ ಹಸಿರು ಕಾರ್ಡಿಗೆ ಕುತ್ತು ಬರುತ್ತದೆ, ಹಾಗೆಂದು ವರ್ಷ ತುಂಬುವ ತನಕ ಇಲ್ಲಿಗೆ ಬರಬಾರದು ಅಂತೇನಿಲ್ಲ, ಜಾತ್ರೆಗೆ ಬರ್ತೀನಿ ಅಂದೆ. ಅವಳಿಗೆ ಎಂಬತ್ತೇಳು. ಹೂಂ ಅಂದಳು. ಸೊಂಟದ ಎಲಡಿಕೆ ಸಂಚಿ ಬಿಚ್ಚುತ್ತ, “ನಾ ನಿನಗ ಬರಕೊಟ್ಟೀನಿ, ನೀನೂ ನನಗೊಂದು ಬರಕೊಡು,” ಅಂದಳು. “ಎಲ್ಲಿ ಇರ್ತೀ ಅಂತ.”

ನೋಟುಬುಕ್ಕಿನ ಹಾಳೆ ಹರಿದು ಮಗಳ ಮನೆಯ ನಂಬರು, ಬೀದಿ, ಊರು, ರಾಜ್ಯ ಬರೆದೆ, ದೊಡ್ಡ ಅಕ್ಷರದಲ್ಲಿ. ಓದಲು ಬರದಿದ್ದರೂ ಅವಳು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಏನೇನು ಬರದೀ ಓದು ಅಂದಳು. ಓದಿದೆ.

“ತಾಲೂಕು ಬರೀಲಿಲ್ಲಲ್ಲ.”

ಮಗಳಿಗೆ ಫೋನು ಹಚ್ಚಿದೆ. ಅಲ್ಲಿ ನಡುರಾತ್ರಿ. ಅಂಜಿ ಎದ್ದಳು, ಏನಾಯ್ತು ಅಪ್ಪಾಜಿ ಅಂದಳು. ಏನಿಲ್ಲವ್ವ, ನಿಮ್ಮ ತಾಲೂಕು ಯಾವುದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೌಂಟಿ ಅಂತಾರೆ ಇಲ್ಲಿ. ಕಾಲಿನ್ ಕೌಂಟಿ,” ಅಂದಳು.

ತಾಲೂಕು ಕಾಲಿನ್ ಎಂದು ಬರೆದೆ. ಚಿಗವ್ವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಸಂಚಿಯಲ್ಲಿ ಅಡಿಕೆ ಇಡುವ ಪದರಿನಲ್ಲಿ ಇಟ್ಟು, ದಾರ ಎಳೆದು ಕಟ್ಟಿದಳು.